ಐಇಎಲ್‌ಟಿಎಸ್‌ಗೆ ಇಂಗ್ಲಿಷ್ ಪದ ಕಲಿತ ಬಗೆ: ನನ್ನ ಅನುಭವ

ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಪದಸಂಪತ್ತಿಗೆಂದೇ ಬೇರೆ ಪತ್ರಿಕೆ ಇಲ್ಲ. ಆದರೆ ರೈಟಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ ಕಾಲುಭಾಗ ಅಂಕ ‘ಲೆಕ್ಸಿಕಲ್ ರಿಸೋರ್ಸ್’ ಎಂಬ ಹೆಸರಿನಲ್ಲಿ ನೇರವಾಗಿ ಪದಬಳಕೆಗೆ ಹೋಗುತ್ತದೆ. ರೀಡಿಂಗ್, ಲಿಸನಿಂಗ್‌ನ ತಲಾ 40 ಪ್ರಶ್ನೆಗಳಲ್ಲಿ ಪದ ತಿಳಿಯದೆ ಕೈಬಿಡುವ ಅಂಕ ಬೇರೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳುವವರಿಗೆ 9ರ ಅಳತೆಯಲ್ಲಿ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5 ಬೇಕು. ನಮ್ಮಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು 6ರಿಂದ 7ಕ್ಕೆ ಏರುವ ಮೆಟ್ಟಿಲಲ್ಲೇ. ಆ ಹೊತ್ತಿಗೆ ಪದಗಳು ಸಾಕಷ್ಟು ಗೊತ್ತಿರುತ್ತವೆ. ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ ಎಂಬುದು ಗೊತ್ತಿರುವುದಿಲ್ಲ. ಇದೊಂದನ್ನು ಮುಂದಿಟ್ಟುಕೊಂಡೇ ನಾನು ತಯಾರಿ ಮಾಡಿದ್ದು.

ಶುರುವಿಗೆ ಮುಂಚೆ ಮಟ್ಟ ನೋಡಿಕೊಳ್ಳಬೇಕು. ಅಕಾಡೆಮಿಕ್ ರೀಡಿಂಗ್‌ನ ಹಳೆಯ ಲೇಖನವೊಂದರಲ್ಲಿ 100 ಪದ ಎಣಿಸಿ, ಗೊತ್ತಿಲ್ಲದವಕ್ಕೆ ಗೆರೆ ಹಾಕಿ. 5ಕ್ಕಿಂತ ಹೆಚ್ಚು ಗೆರೆ ಬಿದ್ದರೆ ಪರೀಕ್ಷೆಯ ಪದಪಟ್ಟಿಗಳನ್ನು ಸದ್ಯಕ್ಕೆ ಬದಿಗಿಟ್ಟು, ಆಕ್ಸ್‌ಫರ್ಡ್ 3000 ಎಂಬ ಸಾಮಾನ್ಯ ಪದಗಳ ಪಟ್ಟಿ ಹಿಡಿಯುವುದೇ ಸರಿ. ಅದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 5ರೊಳಗಿದ್ದರೆ ಅಕಾಡೆಮಿಕ್ ವರ್ಡ್ ಲಿಸ್ಟ್‌ಗೆ ಬನ್ನಿ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಹೆಚ್ಚು ಬಳಕೆಯವು ಮೊದಲು ಬರುವಂತೆ 10 ಉಪಪಟ್ಟಿ ಮಾಡಿದ್ದಾರೆ. ಮೊದಲ ಒಂಬತ್ತರಲ್ಲಿ 60ರಂತೆ, ಕೊನೆಯದರಲ್ಲಿ 30. ನಾನು ಮೊದಲ ಆರನ್ನು ಪಟ್ಟಾಗಿ ಕಲಿತು, ಉಳಿದವು ಓದಿನಲ್ಲಿ ಎದುರಾದಾಗ ಮಾತ್ರ ಬರೆದುಕೊಂಡೆ. ಅಕಾರಾದಿಯಾಗಿ ಕಲಿಯಬೇಡಿ. ‘ಅಡಾಪ್ಟ್’, ಅದಕ್ಕೆ ಅಂಟಿಕೊಂಡಂತೆ ಕಾಣುವ ‘ಅಡೆಪ್ಟ್’, ಈ ಬಗೆಯ ಹೋಲುವ ಪದಗಳನ್ನು ಒಂದೇ ದಿನ ಓದಿದರೆ ಒಂದರ ಅರ್ಥ ಇನ್ನೊಂದಕ್ಕೆ ಹತ್ತಿಕೊಂಡು ಎರಡೂ ಕೆಡುತ್ತವೆ.

ಪಟ್ಟಿಗಿಂತ ಹೆಚ್ಚು ಫಲ ಕೊಟ್ಟದ್ದು ಹಳೆಯ ಪ್ರಶ್ನೆಪತ್ರಿಕೆ. ರೀಡಿಂಗ್‌ನಲ್ಲಿ ಪ್ರಶ್ನೆಯಲ್ಲಿರುವ ಪದವೇ ಲೇಖನದಲ್ಲಿ ಇರುವುದು ಅಪರೂಪ. ಅದೇ ಮಾತು ಬೇರೆ ವೇಷದಲ್ಲಿರುತ್ತದೆ. ಆದ್ದರಿಂದ 60 ನಿಮಿಷ ಇಟ್ಟುಕೊಂಡು ಪತ್ರಿಕೆ ಬರೆದು, ಅಂಕ ಹಾಕಿಕೊಂಡ ಮೇಲೆ ನಿಜವಾದ ಕೆಲಸ ಶುರು. ಪ್ರತಿ ಉತ್ತರಕ್ಕೂ ಲೇಖನದ ಯಾವ ಸಾಲು ಆಧಾರ ಎಂದು ಹುಡುಕಿ, ನೋಟ್‌ಬುಕ್ಕಿನ ಎಡಗಡೆ ಪ್ರಶ್ನೆಯ ಮಾತು, ಬಲಗಡೆ ಲೇಖನದ ಮಾತು ಬರೆಯಿರಿ. ಎಡಗಡೆ ‘ಎ ಡಿಕ್ಲೈನ್ ಇನ್ ದ ನಂಬರ್ ಆಫ್ ಬೀಸ್’ ಇದ್ದರೆ ಬಲಗಡೆ ‘ಬೀ ಪಾಪ್ಯುಲೇಷನ್ಸ್ ಹ್ಯಾವ್ ಡ್ವಿಂಡಲ್ಡ್’. ಸರಿಯಾದ ಉತ್ತರಕ್ಕೂ ಇದನ್ನು ಮಾಡಲೇಬೇಕು, ಏಕೆಂದರೆ ಊಹೆಯಲ್ಲಿ ಸರಿಯಾದದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಒಂದು ಪತ್ರಿಕೆಯಿಂದ 20–25 ಜೋಡಿ ಸಿಗುತ್ತವೆ. ಹತ್ತು ಪತ್ರಿಕೆ ಆಗುವಷ್ಟರಲ್ಲಿ ಅವೇ ಜೋಡಿಗಳು ಮತ್ತೆ ಮತ್ತೆ ತಲೆಹಾಕುತ್ತವೆ. ಹುಳು, ಗಿಡ, ಖನಿಜಗಳ ಹೆಸರು ಬರೆದುಕೊಳ್ಳುವುದು ದಂಡ. ತೀರಾ ತಾಂತ್ರಿಕ ಪದವಿದ್ದರೆ ಪತ್ರಿಕೆಯಲ್ಲೇ ಅರ್ಥ ಕೊಟ್ಟಿರುತ್ತಾರೆ.

ಇನ್ನು ಕಾರ್ಡ್. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ ಬರೆಯುವ ಪದ್ಧತಿ ರೀಡಿಂಗ್‌ಗೆ ಸಾಕು, ರೈಟಿಂಗ್‌ಗೆ ಸಾಲದು. ‘ಕಂಟ್ರಿಬ್ಯೂಟ್’ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಕೊಡುಗೆ ನೀಡು’ ಎಂದು ಬರೆದುಕೊಂಡವರಿಗೆ ಅದು ಒಳ್ಳೆಯದಕ್ಕೆ ಮಾತ್ರ ಸಲ್ಲುವ ಪದ ಅನಿಸುತ್ತದೆ. ಧೂಮಪಾನ ಹೃದ್ರೋಗಕ್ಕೆ ಕೊಡುಗೆ ನೀಡುತ್ತದೆ ಎಂದು ನಾವು ಯಾರೂ ಅನ್ನುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಸ್ಮೋಕಿಂಗ್ ಕಂಟ್ರಿಬ್ಯೂಟ್ಸ್ ಟು ಹಾರ್ಟ್ ಡಿಸೀಸ್’ ದಿನನಿತ್ಯದ ವಾಕ್ಯ. ಜೊತೆಗೆ ಕನ್ನಡದ ‘ಗೆ’ ಪ್ರತ್ಯಯ ಕಿವಿಯಲ್ಲಿ ಗುಂಯ್‌ಗುಡುತ್ತಿರುವುದರಿಂದ ನಮ್ಮವರು ‘ಟು’ ಬದಲು ‘ಫಾರ್’ ಹಾಕಿಬಿಡುತ್ತಾರೆ. ಹಾಗಾಗಿ ನನ್ನ ಕಾರ್ಡಿನಲ್ಲಿ ಇರುತ್ತಿದ್ದದ್ದು ಇಷ್ಟು: ಒತ್ತು ಎಲ್ಲಿ (ಇಲ್ಲಿ ‘ಟ್ರಿ’ ಮೇಲೆ), ಹಿಂದೆ ಮುಂದೆ ಬರುವ ಪದಗಳು (‘ಕಂಟ್ರಿಬ್ಯೂಟ್ ಸಿಗ್ನಿಫಿಕಂಟ್ಲಿ ಟು’, ‘ಮೇಕ್ ಎ ಕಾಂಟ್ರಿಬ್ಯೂಷನ್ ಟು’, ‘ಎ ಕಂಟ್ರಿಬ್ಯೂಟಿಂಗ್ ಫ್ಯಾಕ್ಟರ್’), ನಿಘಂಟಿನ ಒಂದು ಉದಾಹರಣೆ, ಪರೀಕ್ಷೆಯಲ್ಲಿ ಬರಬಹುದಾದ ವಿಷಯದ ಮೇಲೆ ಸ್ವಂತದ ಒಂದು ವಾಕ್ಯ. ನಿಘಂಟಿಗೆ ಲಾಂಗ್‌ಮನ್ ಅಥವಾ ಕೇಂಬ್ರಿಜ್‌ನ ಕಲಿಕಾರ್ಥಿಗಳ ತಾಣ ಸಾಕು. ಎರಡರಲ್ಲೂ ಉಚ್ಚಾರಣೆ ಕೇಳಿಸಿಕೊಳ್ಳಬಹುದು.

ಪುನರಾವರ್ತನೆಗೆ ಆಂಕಿ ಎಂಬ ಕಾರ್ಡ್ ಆಪ್ ಬಳಸಿದೆ. ಆಂಡ್ರಾಯ್ಡ್ ಫೋನಿನಲ್ಲಿ ಆಂಕಿಡ್ರಾಯ್ಡ್‌ಗೆ ದುಡ್ಡಿಲ್ಲ, ಐಫೋನಿನ ಆಪ್‌ಗೆ ಉಂಟು. ಅದರ ‘ಕ್ಲೋಜ್’ ಬಗೆಯ ಕಾರ್ಡಿನಲ್ಲಿ ವಾಕ್ಯ ಹಾಕಿ ಒಂದು ಪದ ಮರೆಮಾಡಬಹುದು. ಎಲ್ಲರೂ ಮುಖ್ಯ ಪದವನ್ನು ಮರೆಮಾಡುತ್ತಾರೆ. ನಾನು ಅದರ ಪಕ್ಕದ್ದನ್ನು ಮುಚ್ಚುತ್ತಿದ್ದೆ. ಮೇಲಿನ ವಾಕ್ಯದಲ್ಲಿ ‘ಟು’, ‘ಮೇಕ್ ಎ ಕಾಂಟ್ರಿಬ್ಯೂಷನ್’ನಲ್ಲಿ ‘ಮೇಕ್’. ತಪ್ಪು ಆಗುವುದೇ ಅಲ್ಲಿ. ದಿನಕ್ಕೆ 20 ಹೊಸ ಕಾರ್ಡ್ ಎಂದು ಆಪ್‌ನಲ್ಲಿ ಮೊದಲೇ ಇಟ್ಟಿರುತ್ತಾರೆ, ಅದನ್ನು 8ಕ್ಕೋ 10ಕ್ಕೋ ಇಳಿಸಿ. ಕೆಲವೇ ವಾರಗಳಲ್ಲಿ ಹಳೆಯ ಕಾರ್ಡುಗಳ ಸಾಲು ಹೊಸದರ ಏಳೆಂಟು ಪಟ್ಟು ಬೆಳೆಯುತ್ತದೆ. 20ರ ಲೆಕ್ಕದಲ್ಲಿ ಹೊರಟವರು ದಿನಕ್ಕೆ ನೂರೈವತ್ತು ಕಾರ್ಡ್ ಕಂಡು ಆಪ್ ಅಳಿಸಿಹಾಕುತ್ತಾರೆ. ಒಂದೇ ಕಾರ್ಡ್ 8 ಸಲ ಮರೆತುಹೋದರೆ ಆಂಕಿ ಅದನ್ನು ‘ಲೀಚ್’ ಎಂದು ಗುರುತಿಸುತ್ತದೆ. ಅಂಥ ಕಾರ್ಡನ್ನು ಹಾಗೇ ಇಟ್ಟುಕೊಳ್ಳಬೇಡಿ. ವಾಕ್ಯ ಬದಲಿಸಿ, ಇಲ್ಲವೇ ಅಳಿಸಿ. ಬೇರೆಯವರು ಮಾಡಿದ ಸಾವಿರ ಕಾರ್ಡುಗಳ ಕಟ್ಟು ಡೌನ್‌ಲೋಡ್ ಮಾಡಿಕೊಳ್ಳುವುದು ನನ್ನ ಮಟ್ಟಿಗೆ ವ್ಯರ್ಥ. ಕಾರ್ಡ್ ಬರೆಯುವಾಗಲೇ ಅರ್ಧ ಕಲಿಕೆ ಆಗಿಹೋಗುತ್ತದೆ.

ಲಿಸನಿಂಗ್‌ನ ತೊಡಕು ಬೇರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆ ರೂಢಿಯನ್ನೇ ಇಂಗ್ಲಿಷ್‌ಗೂ ಒಯ್ಯುತ್ತೇವೆ. ‘ವೆಜಿಟೇಬಲ್’ ಎಂದು ಕಾಯುತ್ತಿರುವ ಕಿವಿಗೆ ‘ವೆಜ್‌ಟಬಲ್’, ‘ಕಂಫರ್ಟೇಬಲ್’ಗೆ ಕಾಯುವ ಕಿವಿಗೆ ‘ಕಂಫ್‌ಟಬಲ್’ ಬಿದ್ದರೆ ಗೊತ್ತಿದ್ದ ಪದವೇ ಗುರುತು ಸಿಗುವುದಿಲ್ಲ. ಅದಕ್ಕೆ ಪ್ರತಿ ಹೊಸ ಪದವನ್ನೂ ಕಣ್ಣಿಗಿಂತ ಮೊದಲು ಕಿವಿಗೆ ಹಾಕಬೇಕು. ಕಾಗುಣಿತ ತಪ್ಪಿದರೆ ಅಂಕವಿಲ್ಲ. ಬ್ರಿಟಿಷ್, ಅಮೆರಿಕನ್ ಎರಡೂ ರೂಪ ಸ್ವೀಕಾರಾರ್ಹ. ‘ಅಕಾಮಡೇಷನ್’ನಲ್ಲಿ ಎರಡು ಸಿ, ಎರಡು ಎಂ, ‘ಕ್ವೆಶ್ಚನೇರ್’ನಲ್ಲಿ ಎರಡು ಎನ್, ‘ಗವರ್ನ್‌ಮೆಂಟ್’ನ ನಡುವೆ ಒಂದು ಎನ್, ‘ಫೆಬ್ರವರಿ’ಯಲ್ಲಿ ಮೊದಲ ಆರ್, ‘ಸೆಪರೇಟ್’ನ ನಡುವೆ ಎ. ಆಡಿಯೊ ಕೇಳುತ್ತ ಈ ಬಗೆಯ ಪದಗಳನ್ನು ಬರೆದು ತಿದ್ದಿಕೊಳ್ಳುವುದೇ ಉಪಾಯ. ಕಂಪ್ಯೂಟರ್ ಪರೀಕ್ಷೆ ಬರೆಯುವವರು ಟೈಪ್ ಮಾಡಿಯೇ ಅಭ್ಯಾಸ ಮಾಡಬೇಕು, ಅಲ್ಲಿ ಕೆಂಪು ಗೆರೆ ಎಳೆದು ಎಚ್ಚರಿಸುವವರಿಲ್ಲ. ಬಹುವಚನದ ಎಸ್ ಬಿಟ್ಟರೂ ಅಂಕ ಹೋಗುತ್ತದೆ.

ರೈಟಿಂಗ್‌ನ ಮೊದಲ ಟಾಸ್ಕ್‌ಗೆ, ಅಂದರೆ ಗ್ರಾಫ್ ವಿವರಿಸುವ 150 ಪದಗಳ ಬರಹಕ್ಕೆ, ಬೇಕಾದ ಕ್ರಿಯಾಪದ ಹದಿನೈದು ದಾಟುವುದಿಲ್ಲ. ಕೈಕೊಡುವುದು ಸಣ್ಣ ಪದಗಳು. ಸಾಕ್ಷರತೆ 60 ಪರ್ಸೆಂಟ್‌ನಿಂದ 75ಕ್ಕೆ ಏರಿದರೆ ‘ರೋಸ್ ಟು 75 ಪರ್ಸೆಂಟ್’ ಸರಿ, ‘ರೋಸ್ ಬೈ 15 ಪರ್ಸೆಂಟೇಜ್ ಪಾಯಿಂಟ್ಸ್’ ಸರಿ, ‘ರೋಸ್ ಬೈ 15 ಪರ್ಸೆಂಟ್’ ತಪ್ಪು, ಏಕೆಂದರೆ 60ರ ಮೇಲೆ 15 ಎಂದರೆ 25 ಪರ್ಸೆಂಟ್ ಏರಿಕೆ. 42 ಇದ್ದದ್ದು 45 ಆದರೆ ‘ಸೋರ್ಡ್’ (ಗಗನಕ್ಕೇರಿತು) ಎಂದು ಬರೆಯುವುದೂ ಪದದ ಆಯ್ಕೆಯ ತಪ್ಪೇ. ಎರಡನೇ ಟಾಸ್ಕ್‌ಗೆ ಇದರ ಎರಡು ಪಟ್ಟು ತೂಕ. ಪರಿಸರ, ಶಿಕ್ಷಣ, ಆರೋಗ್ಯ, ನಗರ, ಉದ್ಯೋಗ, ತಂತ್ರಜ್ಞಾನ, ಅಪರಾಧ, ಪ್ರತಿ ವಿಷಯಕ್ಕೂ ಹನ್ನೆರಡು ಹದಿನೈದು ಪದಗುಚ್ಛ ಇಟ್ಟುಕೊಂಡರೆ ಸಾಕು. ಕೋಚಿಂಗ್‌ನಲ್ಲಿ ಹೇಳಿಕೊಡುವ ‘ಪ್ಲೆಥೊರಾ’, ‘ಮಿರಿಯಡ್’ ಅಂಥವು ಪರೀಕ್ಷಕರಿಗೆ ದೂರದಿಂದಲೇ ಬಾಯಿಪಾಠದ ವಾಸನೆ ಹೊಡೆಯುತ್ತವೆ.

ಸ್ಪೀಕಿಂಗ್‌ಗೆ ಹೊಸ ಪದ ಕಲಿಯುವುದಕ್ಕಿಂತ ಮುಂಚೆ ಕನ್ನಡದೊಳಗೆ ಬಂದು ಅರ್ಥ ಬದಲಿಸಿಕೊಂಡ ಇಂಗ್ಲಿಷ್ ಪದಗಳನ್ನು ಸೋಸಬೇಕು. ನಾವು ದೋಸೆ ತಿನ್ನುವ ‘ಹೋಟೆಲ್’ ಅವರಿಗೆ ‘ರೆಸ್ಟೊರಂಟ್’. ‘ಕರೆಂಟ್ ಹೋಯ್ತು’ ಅನ್ನುವುದು ‘ಪವರ್ ಕಟ್’. ಕ್ಲಾಸಿನಲ್ಲಿ ಕೇಳುವ ‘ಡೌಟ್’ ‘ಕ್ವೆಶ್ಚನ್’. ಕಾಲೇಜಿನಿಂದ ‘ಪಾಸ್ ಔಟ್’ ಆದೆ ಎಂದರೆ ಪ್ರಜ್ಞೆ ತಪ್ಪಿತು ಎಂದು ಕೇಳಿಸುತ್ತದೆ, ‘ಗ್ರ್ಯಾಜುಯೇಟೆಡ್’ ಅನ್ನಬೇಕು. ಲಕ್ಷ, ಕೋಟಿ ನಡೆಯುವುದಿಲ್ಲ: 15 ಲಕ್ಷ ಎಂದರೆ ಒಂದೂವರೆ ಮಿಲಿಯನ್. ಆಮೇಲೆ ನಿಮ್ಮ ಊರಿನ ಇಪ್ಪತ್ತು ಸಂಗತಿಗಳನ್ನು ಕನ್ನಡ ಹೆಸರಿನ ಜೊತೆಗೇ ಒಂದು ಸಾಲಿನಲ್ಲಿ ವಿವರಿಸಲು ಕಲಿಯಿರಿ: ಜೋಳದ ರೊಟ್ಟಿ, ಬೇವು ಬೆಲ್ಲ, ರಂಗೋಲಿ, ಯಕ್ಷಗಾನ, ಸಂತೆ. ಪದ ಸಿಗದಾಗ ಬಳಸಿ ಹೇಳುವ ಜಾಣ್ಮೆಗೂ ಇಲ್ಲಿ ಅಂಕವಿದೆ. ಎರಡನೇ ಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕಲ್ಲ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆಡಿದ್ದನ್ನು ಆಡಿದ ಹಾಗೇ ಬರೆದಿಳಿಸಿ, ಮೂರು ಸಲಕ್ಕಿಂತ ಹೆಚ್ಚು ಬಂದ ಪದಕ್ಕೆ ಸುತ್ತು ಹಾಕಿ. ‘ವೆರಿ’, ‘ಥಿಂಗ್’, ‘ನೈಸ್’, ‘ಬೇಸಿಕಲಿ’ ಎಲ್ಲರಲ್ಲೂ ಸಿಗುತ್ತವೆ. ಅದೇ ವಿಷಯವನ್ನು ಮರುದಿನ ಆ ಪದಗಳಿಲ್ಲದೆ ಹೇಳಿ ನೋಡಿ.

ಪರೀಕ್ಷೆಗೆ ಹತ್ತು ದಿನ ಇರುವಾಗ ಆಂಕಿಯಲ್ಲಿ ಹೊಸ ಕಾರ್ಡ್ ಸೊನ್ನೆಗೆ ತನ್ನಿ. ಆಗ ಕಲಿತ ಪದ ಪರೀಕ್ಷೆಯಲ್ಲಿ ಅರ್ಧಂಬರ್ಧ ನೆನಪಾಗಿ ತಪ್ಪು ಜಾಗದಲ್ಲಿ ಕೂರುತ್ತದೆ. ಉಳಿದ ಹೊತ್ತು ಜೋಡಿಗಳ ನೋಟ್‌ಬುಕ್ಕಿನ ಬಲಗಡೆ ಕೈಯಿಂದ ಮುಚ್ಚಿಕೊಂಡು, ಎಡಗಡೆಯದನ್ನು ನೋಡಿ ಹೇಳುತ್ತ ಹೋದರೆ ಆಯಿತು.