ಗೈಡ್‌ಗೆ ಹದಿನೈದು ದಿನಕ್ಕೊಂದು ಹಾಳೆ: ನನ್ನ ಪಿಎಚ್‌ಡಿ ಅನುಭವ

ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿದು ಪಿಎಚ್‌ಡಿ ಸಿಕ್ಕಿದ ನೋಟಿಫಿಕೇಶನ್ ಕೈಗೆ ಬಂದಾಗಿನಿಂದ ಜೂನಿಯರ್‌ಗಳು ಕೇಳುವುದು ಒಂದೇ ಮಾತು. ‘ಅಕ್ಕ, ಆ ಹಾಳೆ ಹೇಗಿರ್ತಿತ್ತು, ಒಂದು ಫೋಟೋ ಕಳಿಸಿ.’ ಹದಿನೈದು ದಿನಕ್ಕೊಮ್ಮೆ ನನ್ನ ಕೆಲಸ ಎಲ್ಲಿಗೆ ಬಂತು ಅಂತ ಒಂದು ಹಾಳೆಯಲ್ಲಿ ಬರೆದು ಗೈಡ್‌ಗೆ, ಅಂದರೆ ಸಂಶೋಧನೆಯ ಮಾರ್ಗದರ್ಶಕರಿಗೆ, ಕೊಡುತ್ತಿದ್ದೆ. ನಾನು ಇದನ್ನು ಶುರು ಮಾಡಿದಾಗ ವಿಭಾಗದಲ್ಲಿ ಒಬ್ಬರೂ ಸರಿ ಅಂದಿರಲಿಲ್ಲ. ‘ಬರವಣಿಗೆಯಲ್ಲಿ ಕೊಟ್ರೆ ನಾಳೆ ಕಂಪ್ಲೇಂಟ್ ಮಾಡೋಕೆ ದಾಖಲೆ ಇಟ್ಕೊಳ್ತಿದ್ದಾಳೆ ಅಂದ್ಕೊಳ್ತಾರೆ, ಸುಮ್ನೆ ಕೆಡಿಸ್ಕೋಬೇಡ’ ಅಂತ ಮೂರು ವರ್ಷ ಸೀನಿಯರ್ ಆಗಿದ್ದ ಅಣ್ಣ ಒಬ್ಬರು ಎದುರಿಗೇ ಹೇಳಿದರು. ನಮ್ಮ ಬ್ಯಾಚ್‌ನ ಒಂಬತ್ತು ಜನರಲ್ಲಿ ಮೊದಲು ಥೀಸಿಸ್ ಒಪ್ಪಿಸಿದ್ದು ನಾನು. ನಾಲ್ಕು ವರ್ಷ ಹತ್ತು ತಿಂಗಳು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕೋರ್ಸ್‌ವರ್ಕ್ (ಶುರುವಿನ ತರಗತಿಗಳು), ಸಿನಾಪ್ಸಿಸ್, ಕೊಲೊಕ್ವಿಯಂ ಅಂತ ಪಿಎಚ್‌ಡಿಯಲ್ಲಿ ಎಲ್ಲರೂ ದಾಟುವ ಹಂತಗಳನ್ನು ಇಲ್ಲಿ ಬಿಡುತ್ತೇನೆ.

ನಾನು ಸೇರಿದ್ದು 2018ರ ಸೆಪ್ಟೆಂಬರ್‌ನಲ್ಲಿ, ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ. ವಿಷಯ ಕೋಲಾರ ಸೀಮೆಯ ಶಾಸನಗಳಲ್ಲಿ ಬರುವ ಕೆರೆಗಳು. ಬ್ರಿಟಿಷ್ ಕಾಲದ ಶಾಸನತಜ್ಞ ಬಿ. ಎಲ್. ರೈಸ್ 1905ರಲ್ಲಿ ಹೊರತಂದ, ಕೋಲಾರ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ (ಶಾಸನಗಳ ಸಂಪುಟಮಾಲೆ) ಹತ್ತನೆಯ ಸಂಪುಟ ನನ್ನ ಮೂಲ. ಬಿತ್ತುವಟ್ಟ, ಕಟ್ಟುಗೊಡಗೆ ಅಂತ ಬರುತ್ತಲ್ಲ, ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟುಕೊಟ್ಟ ಭೂಮಿಯ ಲೆಕ್ಕ, ಅದನ್ನೆಲ್ಲ ಒಂದು ಕಡೆ ಸೇರಿಸಿ, ಯಾವ ಕೆರೆ ಇನ್ನೂ ಉಳಿದಿದೆ ಅಂತ ಹೋಗಿ ನೋಡುವುದು. ಗೈಡ್ ಈ ವಿಷಯದಲ್ಲಿ ನಿಜವಾಗಿ ದೊಡ್ಡವರು. ಕಲ್ಲಿನ ಫೋಟೋ ತೋರಿಸಿದರೆ ಅಕ್ಷರ ನೋಡಿಯೇ ಯಾವ ಶತಮಾನ ಅಂತ ಹೇಳುವವರು. ಆದರೆ ಆಗ ಅವರ ತಲೆಯ ಮೇಲೆ ವಿಭಾಗದ ಜವಾಬ್ದಾರಿ, ಜೊತೆಗೆ ಆಡಳಿತದ ಇನ್ನೊಂದು ಹುದ್ದೆ. ಕೋರ್ಸ್‌ವರ್ಕ್ ಮುಗಿದ ಮೇಲೆ ಹೆಚ್ಚುಕಡಿಮೆ ಹದಿನಾಲ್ಕು ತಿಂಗಳಲ್ಲಿ ಅವರು ನನ್ನ ಜೊತೆ ಕೂತು ಮಾತಾಡಿದ್ದು ಐದು ಸಲ. ಉಳಿದ ದಿನವೆಲ್ಲ ಅವರ ಕೋಣೆಯ ಹೊರಗಿನ ಬೆಂಚು.

ಆ ಹದಿನಾಲ್ಕು ತಿಂಗಳಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ, ಬರೆದೆ. ಪೀಠಿಕೆಯೇ 60 ಪುಟ ಆಯಿತು. ತೆಗೆದುಕೊಂಡು ಹೋದರೆ ಹತ್ತು ನಿಮಿಷ ತಿರುವಿ ಹಾಕಿ, ‘ಇದು ಇಡೀ ದಕ್ಷಿಣ ಭಾರತದ ನೀರಾವರಿ ಚರಿತ್ರೆ ಆಯ್ತಲ್ಲಮ್ಮ, ನಿನ್ನ ಕೋಲಾರ ಎಲ್ಲಿ?’ ಅಂದರು. ಸರಿಯಾಗಿಯೇ ಹೇಳಿದರು. ಆದರೆ ಅದೇ ಮಾತು ಹತ್ತನೇ ಪುಟಕ್ಕೆ ಸಿಕ್ಕಿದ್ದರೆ ನನಗೆ ಐದು ತಿಂಗಳು ಉಳಿಯುತ್ತಿತ್ತು. ಆ 60 ಪುಟದಲ್ಲಿ ಕೊನೆಗೆ ಥೀಸಿಸ್‌ಗೆ ಬಂದಿದ್ದು ನಾಲ್ಕು ಪುಟ ಇರಬಹುದು.

ದುಡ್ಡಿನ ವಿಷಯ ಬಿಡಬಾರದು, ಯಾಕೆಂದರೆ ಇದನ್ನು ಯಾರೂ ಬಿಚ್ಚಿ ಹೇಳುವುದಿಲ್ಲ. ಮೊದಲ ಎರಡು ಸಲ ನನಗೆ ನೆಟ್ (ಅಧ್ಯಾಪಕ ಅರ್ಹತಾ ಪರೀಕ್ಷೆ) ಮಾತ್ರ ಆಯಿತು, ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ತಪ್ಪಿತು. ಖಾಸಗಿ ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ, ತಿಂಗಳಿಗೆ ಎಂಟು ಒಂಬತ್ತು ಸಾವಿರ. 2019ರ ಡಿಸೆಂಬರ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಆಯಿತು. ಆಗ ತಿಂಗಳಿಗೆ 31 ಸಾವಿರ, ಎರಡು ವರ್ಷ ಆದಮೇಲೆ ಅದೇ ಎಸ್‌ಆರ್‌ಎಫ್ (ಹಿರಿಯ ಹಂತದ ವೇತನ) ಆಗಿ 35 ಸಾವಿರ. 2023ರ ಜನವರಿಯಿಂದ ಅನ್ವಯವಾಗುವಂತೆ 37 ಮತ್ತು 42 ಸಾವಿರಕ್ಕೆ ಏರಿತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನನಗೆ ಮೊದಲ ಹಣ ಖಾತೆಗೆ ಬಂದಾಗ ಏಳೆಂಟು ತಿಂಗಳು ಕಳೆದಿತ್ತು. ಅಲ್ಲಿಯವರೆಗೆ ಚಿಕ್ಕಮ್ಮನ ಹತ್ತಿರ 40 ಸಾವಿರ ಸಾಲ, ಅಮ್ಮನ ಚೀಟಿ ಎತ್ತಿದ ದುಡ್ಡು. ಕಂಟಿಂಜೆನ್ಸಿ (ಪುಸ್ತಕ, ಜೆರಾಕ್ಸ್‌ನಂಥ ಖರ್ಚಿಗೆ ಕೊಡುವ ಹಣ) ನಮ್ಮ ಹ್ಯುಮಾನಿಟೀಸ್‌ನವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10 ಸಾವಿರ, ಆಮೇಲೆ 20,500. ಮೊದಲ ವರ್ಷ ನಾನು ಬಿಲ್ ಸರಿಯಾಗಿ ಇಟ್ಟುಕೊಳ್ಳದೆ ಆರು ಸಾವಿರದಷ್ಟು ಕಳೆದುಕೊಂಡೆ. ಜೆರಾಕ್ಸ್ ಅಂಗಡಿಯ ಚೀಟಿ ನಡೆಯುವುದಿಲ್ಲ, ಬಿಲ್ ನಂಬರ್, ದಿನಾಂಕ, ನಿಮ್ಮ ಹೆಸರು ಮೂರೂ ಇರಲೇಬೇಕು. ಇನ್ನೊಂದು ಕಡೆ 2,500 ಹೋಯಿತು. ನನ್ನ ಬ್ಯಾಚ್ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರ ನಿಯಮದ್ದು, ಥೀಸಿಸ್ ಒಪ್ಪಿಸುವ ಮೊದಲು ಒಂದು ಜರ್ನಲ್ ಲೇಖನ, ಎರಡು ಸೆಮಿನಾರ್ ಕಡ್ಡಾಯ. ಅವಸರದಲ್ಲಿ ದುಡ್ಡು ಕೊಟ್ಟು ಲೇಖನ ಹಾಕಿಸಿದೆ. ಆ ಜರ್ನಲ್ ಆಗ ಯುಜಿಸಿ ಒಪ್ಪುತ್ತಿದ್ದ ಜರ್ನಲ್‌ಗಳ ‘ಕೇರ್’ ಪಟ್ಟಿಯಲ್ಲೇ ಇರಲಿಲ್ಲ. ಮತ್ತೆ ಬೇರೆ ಲೇಖನ ಬರೆಯಬೇಕಾಯಿತು. 2022ರ ನಿಯಮದಲ್ಲಿ ಯುಜಿಸಿ ಈ ಕಡ್ಡಾಯ ತೆಗೆದಿದೆ, ಹೊಸಬರಿಗೆ ಆ ಒಂದು ತಲೆನೋವು ಕಮ್ಮಿ.

ಈಗ ಹಾಳೆಗೆ ಬರುತ್ತೇನೆ. ಅದು ಒಂದೇ ಸಲಕ್ಕೆ ಸರಿಹೋಗಲಿಲ್ಲ.

ಮೊದಲು ಮೂರು ಪುಟದ ಪತ್ರ ಕೊಟ್ಟೆ. ಏನೇನು ಓದಿದೆ, ಎಲ್ಲಿ ಹೋದೆ, ಏನು ತೊಂದರೆ, ಎಲ್ಲ ಇತ್ತು. ಅವರ ಮೇಜಿನ ಮೇಲೆ ಫೈಲ್‌ಗಳ ಕೆಳಗೆ ಸೇರಿತು, ಅಷ್ಟೇ. ಆಮೇಲೆ ಲಾಕ್‌ಡೌನ್ ಬಂತು, ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಇಲ್ಲ. ದಿನಕ್ಕೆ ನೂರಾರು ಮೆಸೇಜ್ ಬರುವವರಿಗೆ ನನ್ನದು ಎಲ್ಲಿ ನೆನಪಿರುತ್ತದೆ, ಅಲ್ವಾ? 2020ರ ಅಕ್ಟೋಬರ್‌ನಲ್ಲಿ ವಿಭಾಗ ತೆರೆದ ಮೇಲೆ ಮತ್ತೆ ಕಾಗದಕ್ಕೆ ಬಂದೆ. ಈ ಸಲ ಒಂದೇ ಪುಟ, ಕೊನೆಯಲ್ಲಿ ‘ಮುಂದೆ ಏನು ಮಾಡಲಿ ಸರ್?’ ಅಂತ ಪ್ರಶ್ನೆ. ಅದಕ್ಕೂ ಉತ್ತರ ಬರಲಿಲ್ಲ. ಆಗ ನನಗೆ ಹೊಳೆದಿದ್ದು ಇದು. ‘ಏನು ಮಾಡಲಿ’ ಅಂತ ಕೇಳಿದರೆ ಅವರು ಕೂತು ಯೋಚಿಸಬೇಕು, ಅದಕ್ಕೆ ಅವರ ಹತ್ತಿರ ಹೊತ್ತಿಲ್ಲ. ‘ಹೀಗೆ ಮಾಡುತ್ತೇನೆ’ ಅಂತ ನಾನೇ ಹೇಳಿದರೆ ಅವರು ಬೇಕು ಅಥವಾ ಬೇಡ ಅಂದರೆ ಸಾಕು.

ಮುಂದಿನ ಹಾಳೆಯಲ್ಲಿ ಬರೆದೆ: ‘ಸೋಮವಾರದೊಳಗೆ ತಮ್ಮ ಉತ್ತರ ಬರದಿದ್ದರೆ ಎರಡನೇ ಅಧ್ಯಾಯವನ್ನು ಹೀಗೆ ಮುಂದುವರಿಸುತ್ತೇನೆ.’ ಅರ್ಧ ಗಂಟೆಯಲ್ಲಿ ಅಟೆಂಡರ್ ಬಂದು ಕರೆದರು. ಒಳಗೆ ಹೋದರೆ ಹಾಳೆ ಅವರ ಕೈಯಲ್ಲಿತ್ತು. ‘ಏನಮ್ಮ, ನನಗೇ ಗಡುವು ಕೊಡ್ತೀಯಾ?’

ಕೈಕಾಲು ನಡುಗುತ್ತಿತ್ತು. ‘ಇಲ್ಲ ಸರ್, ನಿಮ್ಮ ಟೈಮ್ ಉಳಿಸೋಣ ಅಂತ’ ಅಂದೆ. ಅವರು ಏನೂ ಮಾತಾಡದೆ ಹಾಳೆ ಓದಿ, ಎರಡನೇ ಅಂಶಕ್ಕೆ ಅಡ್ಡಗೆರೆ ಎಳೆದು, ಮೂರನೆಯದಕ್ಕೆ ಸರಿ ಹಾಕಿ, ವಾಪಸ್ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಸಿಗದಿದ್ದ ಉತ್ತರ ಎರಡು ನಿಮಿಷದಲ್ಲಿ ಸಿಕ್ಕಿತು. ಆದರೆ ಅವರಿಗೆ ಬೇಜಾರಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಹಾಸ್ಟೆಲ್‌ಗೆ ಬಂದು ರಾತ್ರಿಯೆಲ್ಲ ಆ ಒಂದು ವಾಕ್ಯ ತಿದ್ದಿದೆ. ‘ಸೋಮವಾರದೊಳಗೆ’ ತೆಗೆದೆ. ‘ತಾವು ಬೇಡ ಎನ್ನುವವರೆಗೆ ಈ ದಾರಿಯಲ್ಲಿ ಕೆಲಸ ಮಾಡುತ್ತಿರುತ್ತೇನೆ’ ಅಂತ ಮಾಡಿದೆ. ಕೆಲಸ ಅದೇ, ಗಡುವು ಇಲ್ಲ. ಕೊನೆಯ ಹಾಳೆಯವರೆಗೂ ಈ ವಾಕ್ಯದ ಒಂದು ಅಕ್ಷರ ಬದಲಿಸಲಿಲ್ಲ.

ಹಾಳೆ ಅಂದರೆ ಇಷ್ಟೇ. ಮೇಲೆ ಕ್ರಮಸಂಖ್ಯೆ, ದಿನಾಂಕ. ಮಾಡಿದ್ದು ಮೂರು ಸಾಲು. ಸಿಕ್ಕಿಹಾಕಿಕೊಂಡಿದ್ದು ಒಂದು ಸಾಲು, ಒಂದೇ. ಎರಡು ಬರೆದರೆ ಎರಡಕ್ಕೂ ಉತ್ತರ ಬರುವುದಿಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ನನ್ನ ತೀರ್ಮಾನ ಎರಡು ಸಾಲು. ಕೆಳಗೆ ಆ ವಾಕ್ಯ. ಬಲಕ್ಕೆ ಮೂರು ಬೆರಳಿನಷ್ಟು ಖಾಲಿ ಜಾಗ. ಆ ಖಾಲಿ ಜಾಗ ತುಂಬಾ ಮುಖ್ಯ, ಅಲ್ಲಿ ಅವರ ಪೆನ್ನು ತಾನಾಗಿಯೇ ಓಡುತ್ತದೆ. ಅಕ್ಷರ ದೊಡ್ಡದಿರಬೇಕು, ಕನ್ನಡಕ ಹುಡುಕುವ ಹಾಗಿರಬಾರದು. ಎರಡು ಪ್ರತಿ ಮಾಡಿ ಒಂದನ್ನು ನಾನು ಇಟ್ಟುಕೊಳ್ಳುತ್ತಿದ್ದೆ. ಒಟ್ಟು 65 ಹಾಳೆ ಆಗಿರಬೇಕು, 40ಕ್ಕಿಂತ ಜಾಸ್ತಿ ಹಾಳೆಗಳ ಮೇಲೆ ಅವರ ಕೈಬರಹ ಇದೆ. ಎಷ್ಟು ಹೊತ್ತಿಗೆ, ಯಾರ ಕೈಲಿ ಕೊಟ್ಟರೆ ಹಾಳೆ ಫೈಲ್‌ಗಳ ಮೇಲೆ ಕೂರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಒಂದೊಂದು ವಿಭಾಗಕ್ಕೆ ಒಂದೊಂದು ಥರ, ಜೊತೆಗೆ ಇನ್ನೊಬ್ಬರ ಒಳ್ಳೆಯತನದ ವಿಷಯ.

ಇದು ನಿಜವಾಗಿ ಕೈಹಿಡಿದದ್ದು ಆರು ತಿಂಗಳ ಪ್ರಗತಿ ವರದಿಯ ಸಭೆಯಲ್ಲಿ. ಮೊದಲು ನಾನು ಹಳೆಯ ಕೋಲಾರ ಜಿಲ್ಲೆ ಪೂರ್ತಿ ಅಂತ ಇಟ್ಟುಕೊಂಡಿದ್ದೆ, 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರವೂ ಸೇರಿ, ಯಾಕೆಂದರೆ ರೈಸ್ ಸಂಪುಟದಲ್ಲಿ ಎಲ್ಲ ಒಟ್ಟಿಗೇ ಇದೆ. ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ ಅಂತ 2021ರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಮೂರೇ ತಾಲ್ಲೂಕಿಗೆ ಇಳಿಸಿದೆ. ಸಭೆಯಲ್ಲಿ ಒಬ್ಬರು ಸದಸ್ಯರು ‘ಯಾರನ್ನು ಕೇಳಿ ಕಮ್ಮಿ ಮಾಡಿದ್ರಿ?’ ಅಂತ ಗಟ್ಟಿಯಾಗಿಯೇ ಕೇಳಿದರು. ನಮ್ಮ ಗೈಡ್‌ಗೂ ತಕ್ಷಣ ನೆನಪಾಗಲಿಲ್ಲ. ನಾನು ಫೈಲ್‌ನಿಂದ ಹಾಳೆ ತೆಗೆದು ಮುಂದಿಟ್ಟೆ. ‘ಮೂರು ಸಾಕು, ಆಳವಾಗಿ ಮಾಡು’ ಅಂತ ಅವರದೇ ಅಕ್ಷರ, ಸಹಿ, ದಿನಾಂಕ. ಮಾತು ಅಲ್ಲಿಗೇ ನಿಂತಿತು. ಹೊರಗೆ ಬಂದ ಮೇಲೆ ಗೈಡ್ ನನ್ನ ಕರೆದು, ‘ಆ ಹಾಳೆ ನಿಲ್ಲಿಸಬೇಡ’ ಅಂದರು. ಆವತ್ತಿನಿಂದ ಎರಡು ದಿನ ತಡವಾದರೆ ಅವರೇ ಕೇಳುವ ಹಾಗಾಯಿತು. ಕೆಡಿಸ್ಕೋಬೇಡ ಅಂದಿದ್ದ ಅಣ್ಣನೂ ಆ ವರ್ಷವೇ ಹಾಳೆ ಕೊಡಲು ಶುರು ಮಾಡಿದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕ್ಷೇತ್ರಕಾರ್ಯಕ್ಕೆ ಮಾವನ ಬೈಕ್‌ನಲ್ಲಿ ಹೋಗುತ್ತಿದ್ದೆ. ಅವರು ಗಾಡಿ ಓಡಿಸುವಾಗ ನಾನು ಹಿಂದೆ ಕೂತು ಫೋನಿಗೆ ಮಾತಾಡಿ ಟೈಪ್ ಮಾಡಿಸುತ್ತಿದ್ದೆ. ಊರಿನ ಹೆಸರು, ತೂಬು ಯಾವ ಕಡೆ, ಕೋಡಿ ಒಡೆದಿದೆಯೋ ಇಲ್ಲವೋ, ಇಷ್ಟಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಶಾಸನದ ಹಳಗನ್ನಡ ಹೇಳಿದರೆ ಮಾತ್ರ ಪೂರ್ತಿ ಬೇರೆಯೇ ಪದ ಬರುತ್ತದೆ. ಹಾಗಾಗಿ ಟಿಪ್ಪಣಿ ಮಾತಲ್ಲಿ, ಶಾಸನದ ಸಾಲುಗಳು ಕೈಯಲ್ಲಿ.

ಇನ್ನೊಂದು ವಿಷಯ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್. ಕನ್ನಡದಲ್ಲಿ ಥೀಸಿಸ್ ಬರೆಯುವವರು ಇದನ್ನು ದಯವಿಟ್ಟು ಗಮನಿಸಿ. ನಾನು ಮೊದಲ ಎರಡು ಅಧ್ಯಾಯ ಹಳೆಯ ನುಡಿಯಲ್ಲೇ ಟೈಪ್ ಮಾಡಿದ್ದೆ. ಕೃತಿಚೌರ್ಯ ಪರೀಕ್ಷೆಗೆ ಸುಮ್ನೆ ಹಾಕಿ ನೋಡಿದರೆ ಹೋಲಿಕೆ ಸೊನ್ನೆ ಬಂತು. ಖುಷಿಪಡುವ ವಿಷಯ ಅಲ್ಲ ಅದು. ಆ ಫೈಲ್‌ನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅದನ್ನು ಕನ್ನಡದ ಹಾಗೆ ತೋರಿಸುತ್ತದೆ ಅಷ್ಟೇ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹಾಕಿದರೂ ಒಂದು ಪದ ಹುಡುಕಲು ಆಗುವುದಿಲ್ಲ, ಐದು ವರ್ಷದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡ ಅಕ್ಷರವನ್ನು ಯಂತ್ರವೂ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಿದೆ. ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿತು, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾದವು. 110 ಪುಟ ಕೂತು ತಿದ್ದಿದೆ, ಮೂರು ವಾರ. ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಯೂನಿಕೋಡ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಆರೋ ಏಳೋ ಶೇಕಡಾ ಬಂತು, ಮಿತಿ 10.

2023ರ ಜುಲೈನಲ್ಲಿ ಒಪ್ಪಿಸಿದೆ, ಸುಮಾರು 280 ಪುಟ. ಪ್ರಿಂಟ್, ಬೈಂಡಿಂಗ್ ಆರು ಪ್ರತಿಗೆ 13–14 ಸಾವಿರ. ಎಲ್ಲ ವರ್ಷದ ಶುಲ್ಕ ಸೇರಿ 70 ಸಾವಿರದ ಹತ್ತಿರ. ಊರೂರು ಸುತ್ತಿದ ಪೆಟ್ರೋಲ್, ಬಸ್ಸು, ಊಟ ಅಂತ 55 ಸಾವಿರವಾದರೂ ಆಗಿದೆ, ಮಾವ ಅರ್ಧ ಲೆಕ್ಕ ಕೊಡಲೇ ಇಲ್ಲ. ವಿಶ್ವವಿದ್ಯಾಲಯದ ಆಫೀಸ್ ಸೆಕ್ಷನ್‌ನಲ್ಲಿ ನನ್ನ ಫೈಲ್ ಒಂಬತ್ತು ದಿನದಲ್ಲಿ ಮುಂದೆ ಹೋಯಿತು. ಉಳಿದವರಿಗೆ ಒಂದೂವರೆ ಎರಡು ತಿಂಗಳು ಹಿಡಿದಿತ್ತು. ಅದಕ್ಕೂ ಒಂದು ಉಪಾಯ ಇದೆ, ನೇರವಾಗಿ ಸಿಕ್ಕಾಗ ಹೇಳುತ್ತೇನೆ. ಒಂದು ರೂಪಾಯಿ ಕೊಟ್ಟಿಲ್ಲ ಅಂತ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ವೈವಾ ಆಗಿದ್ದು 2024ರ ಫೆಬ್ರವರಿಯಲ್ಲಿ.

ಹೋದದ್ದು ಸುಮಾರು 60 ಊರು, ಶಾಸನದ ಕಲ್ಲು ಸಿಕ್ಕಿದ್ದು 38–40 ಕಡೆ. ಕೆಲವು ಮನೆಯ ಮೆಟ್ಟಿಲಾಗಿವೆ, ಒಂದು ಬಟ್ಟೆ ಒಗೆಯುವ ಕಲ್ಲು. ನಾಲ್ಕೈದು ನೀರಿನೊಳಗೆ ಇವೆ. 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆಯಲ್ಲ, ವರ್ಷಗಟ್ಟಲೆ ಒಣಗಿದ್ದ ಅಂಗಳ ತುಂಬಿ ತೂಬಿನ ಹತ್ತಿರ ಇದ್ದ ಕಲ್ಲು ಮುಳುಗಿದವು. ಊರಿನವರಿಗೆ ನೀರು ಬಂದ ಸಂತೋಷ, ನನಗೂ ಸಂತೋಷವೇ. ಆದರೂ ಮುಳಬಾಗಿಲು ಕಡೆಯ ಒಂದು ಕಲ್ಲು ನೋಡಲೇಬೇಕು, ರೈಸ್ ಅಚ್ಚು ಮಾಡಿದ ಶಾಸನದಲ್ಲಿ ಮೂರು ಸಾಲು ಬಿಟ್ಟಿದೆ. ಏಪ್ರಿಲ್‌ನಲ್ಲಿ ನೀರು ಸ್ವಲ್ಪ ಇಳಿದರೆ ಮಾವನ ಜೊತೆ ಹೋಗುತ್ತೇನೆ. ಸರ್‌ಗೂ ಹೇಳಿದ್ದೇನೆ, ಹಾಳೆಯಲ್ಲೇ.