ಐಇಎಲ್‌ಟಿಎಸ್‌ಗೆ ಪದ ಕಲಿಯುವುದು ಹೇಗೆ? ಮೊದಲು ‘ಫಂಕ್ಷನ್’ ಅಂದರೇನು ಹೇಳಿ

‘ಫಂಕ್ಷನ್’ ಅಂದರೆ ಏನು ಅಂತ ಉಡುಪಿಯಲ್ಲಿ ಯಾರನ್ನೇ ಕೇಳಿ, ಮದುವೆ, ಮುಂಜಿ, ಗೃಹಪ್ರವೇಶ ಅಂತಾರೆ. ‘ಪಾಲಿಸಿ’ ಅಂದರೆ ಎಲ್‌ಐಸಿ. ‘ಫೈನಾನ್ಸ್’ ಅಂದರೆ ಬೈಕಿಗೆ ಸಾಲ ಕೊಡುವವರು. ಐಇಎಲ್‌ಟಿಎಸ್ ಅಂದರೆ ಓದಿಗೆ, ಕೆಲಸಕ್ಕೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅದರ ಓದುವ ಭಾಗದಲ್ಲಿ ಇವೇ ಪದಗಳು ಬೇರೆ ವೇಷ ಹಾಕಿಕೊಂಡು ಬರುತ್ತವೆ. ಅಲ್ಲಿ ಫಂಕ್ಷನ್ ಅಂದರೆ ಒಂದು ಅಂಗ ಅಥವಾ ಯಂತ್ರ ಮಾಡುವ ಕೆಲಸ, ಪಾಲಿಸಿ ಅಂದರೆ ಸರಕಾರದ ನೀತಿ. ಗೊತ್ತಿರುವ ಪದವೇ ಅಲ್ವಾ ಅಂತ ದಾಟಿ ಹೋದರೆ ಬಿದ್ದೆವು ಅಂತಲೇ ಲೆಕ್ಕ.

ನಾನು ಬಿದ್ದದ್ದು ಇನ್ನೊಂದು ಕಡೆ. ಕೋಚಿಂಗ್‌ನಲ್ಲಿ ಸಾವಿರ ಪದಗಳ ಜೆರಾಕ್ಸ್ ಕಟ್ಟು ಕೊಟ್ಟಿದ್ದರು. ಅದನ್ನು ಎ-ಯಿಂದ ಶುರು ಮಾಡಿ ಉರು ಹೊಡೆದೆ. ಪರೀಕ್ಷೆಯಲ್ಲಿ ‘ಪ್ಲೆಥೋರಾ’, ‘ಮಿರಿಯಡ್’ ಅಂತ ಸಾಲಿಗೊಂದು ತುರುಕಿದೆ, ಮನೆಯವರ ಒಡವೆಯನ್ನೆಲ್ಲ ಒಟ್ಟಿಗೇ ಹೇರಿಕೊಂಡು ಮದುವೆಗೆ ಹೋದ ಹಾಗೆ. ಬೇಕಿದ್ದದ್ದು 9ಕ್ಕೆ 7, ರೈಟಿಂಗ್‌ನಲ್ಲಿ ಬಂದದ್ದು 6.

ಆಮೇಲೆ ಕೂತು ನೋಡಿದೆ. ರೈಟಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ ಪದಬಳಕೆಗೆ ಇರುವುದು ಕಾಲು ಭಾಗ ಅಂಕ. ಪದ ಎಷ್ಟು ದೊಡ್ಡದು ಅಂತ ಪರೀಕ್ಷಕರು ನೋಡುವುದಲ್ಲ, ಆ ಜಾಗಕ್ಕೆ ಹೊಂದುತ್ತದಾ, ರೂಪ ಸರಿಯಿದೆಯಾ, ಸ್ಪೆಲ್ಲಿಂಗ್ ಸರಿಯಿದೆಯಾ ಅಂತ ನೋಡುತ್ತಾರೆ.

ಹಾಗಾಗಿ ಮೊದಲ ಕೆಲಸ, ಆ ಸಾವಿರ ಪದದ ಕಟ್ಟನ್ನು ಬದಿಗಿಡಿ. 2000ರಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಎಂಬ ಭಾಷಾ ಸಂಶೋಧಕಿ ಸುಮಾರು 35 ಲಕ್ಷ ಪದಗಳಷ್ಟು ಪಠ್ಯ, ಪ್ರಬಂಧಗಳನ್ನು ಜಾಲಾಡಿ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಮಾಡಿದರು. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿರುವುದು 570 ಪದ ಕುಟುಂಬಗಳು (ಒಂದೇ ಮೂಲದ ಪದಗಳ ಗುಂಪುಗಳು), ಹತ್ತು ಪಟ್ಟಿಗಳಲ್ಲಿ. ಜಾಸ್ತಿ ಬಳಕೆಯವು ಮೊದಲ ಪಟ್ಟಿಯಲ್ಲಿವೆ. ಕಾಲೇಜು ಮಟ್ಟದ ಬರವಣಿಗೆಯಲ್ಲಿ ಸುಮಾರು ನೂರಕ್ಕೆ ಹತ್ತು ಪದ ಈ ಪಟ್ಟಿಯವೇ. ಮೊದಲ ಪಟ್ಟಿಯ 60ರಲ್ಲಿ ಏರಿಯಾ, ಕಾಂಟ್ರಾಕ್ಟ್, ಎಕ್ಸ್‌ಪೋರ್ಟ್, ಲೇಬರ್, ಲೀಗಲ್ ಎಲ್ಲ ಇವೆ, ನಮ್ಮಜ್ಜಿಗೂ ಗೊತ್ತಿರುವವು. ಪೆನ್ಸಿಲ್ ಹಿಡಿದು ಗೊತ್ತಿದ್ದದ್ದಕ್ಕೆ ಟಿಕ್ ಹಾಕಿ, ಆದರೆ ಆ ಪದ ಇಟ್ಟು ಒಂದು ವಾಕ್ಯ ಬರೆಯಲು ಬಂದರೆ ಮಾತ್ರ. ಟಿಕ್‌ಗಳು ದಬದಬ ಕಡಿಮೆಯಾಗುತ್ತವೆ, ಬೇಜಾರು ಮಾಡಿಕೊಳ್ಳಬೇಡಿ. ದಿನಕ್ಕೆ ಹತ್ತು ಕುಟುಂಬ ಹಿಡಿದರೂ 57 ದಿನದಲ್ಲಿ ಪೂರ್ತಿ ಪಟ್ಟಿ ಒಂದು ಸುತ್ತು ಮುಗಿಯುತ್ತದೆ.

ಇನ್ನು ಕಾರ್ಡು. ಹಳೇ ಮದುವೆ ಕಾಗದಗಳನ್ನು ವಿಸಿಟಿಂಗ್ ಕಾರ್ಡಿನಷ್ಟು ಕತ್ತರಿಸಿದರೆ ಸಾಕು, ನಮ್ಮ ಮನೆಗಳಲ್ಲಿ ಅದಕ್ಕೇನು ಬರವಿಲ್ಲ. ಎದುರು ಬದಿಗೆ ಪದ ಬರೆಯಬೇಡಿ. ಅದೇ ಪದದ ಜಾಗ ಖಾಲಿ ಬಿಟ್ಟ ಒಂದು ವಾಕ್ಯ ಬರೆಯಿರಿ. ಹಿಂದೆ ಪದ, ಅದರ ಕುಟುಂಬ, ಅದರ ಜೊತೆಗಾರರು, ಅಂದರೆ ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಬರುವ ಪದಗಳು. ‘ಅನಲೈಜ್’ ಕಾರ್ಡಿನ ಹಿಂದೆ ಅನಾಲಿಸಿಸ್, ಅನಲಿಸ್ಟ್, ಅನಲಿಟಿಕಲ್ ಇರಲಿ, ಒತ್ತು ಬೀಳುವ ಜಾಗಕ್ಕೆ ಅಡಿಗೆರೆ ಇರಲಿ. ಅನಲೈಜ್‌ನಲ್ಲಿ ಒತ್ತು ಶುರುವಿನಲ್ಲೇ, ಅನಾಲಿಸಿಸ್‌ನಲ್ಲಿ ‘ನಾ’ ಮೇಲೆ, ಅನಲಿಟಿಕಲ್‌ನಲ್ಲಿ ‘ಲಿ’ ಮೇಲೆ. ನಾವು ಎಲ್ಲ ಅಕ್ಷರವನ್ನೂ ಒಂದೇ ತೂಕದಲ್ಲಿ ಹೇಳುವವರು, ಸ್ಪೀಕಿಂಗ್‌ನಲ್ಲಿ ಕೇಳುವವರಿಗೆ ಗೊಂದಲ ಆಗುವುದು ಇಲ್ಲೇ.

ಸಿಹಿತಿಂಡಿಯ ಖಾಲಿ ಪೆಟ್ಟಿಗೆಯಲ್ಲಿ ಮೂರು ಖಾನೆ ಮಾಡಿ. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಸೀದಾ ಮೊದಲನೆಯದಕ್ಕೆ. ಮೊಬೈಲ್ ಬೇಕೆನ್ನುವವರಿಗೆ ಆಂಕಿ ಆ್ಯಪ್ ಇದೆ. ನಾನಂತೂ ಮಂಗಳೂರು ಬಸ್ಸಲ್ಲಿ ಕಿಸೆಯಿಂದ ಕಾರ್ಡು ತೆಗೆಯುತ್ತಿದ್ದೆ. ಸೀಟು ಸಿಕ್ಕಿದ ದಿನ ಸುರತ್ಕಲ್ ಬರುವಷ್ಟರಲ್ಲಿ ಮೂವತ್ತು ಕಾರ್ಡು ಮುಗಿಯುತ್ತಿತ್ತು.

ಜೊತೆಗಾರರು ಅಂದೆನಲ್ಲ, ಅಸಲು ವಿಷಯ ಅದೇ. ಕನ್ನಡದಲ್ಲಿ ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಸಂಶೋಧನೆಯನ್ನೂ ಮಾಡುತ್ತೇವೆ. ಒಂದು ‘ಮಾಡು’ ಇದ್ದರೆ ಸಂಸಾರ ಸಾಗುತ್ತದೆ. ಅದೇ ಚಾಳಿಯಲ್ಲಿ ‘ಮೇಕ್ ರಿಸರ್ಚ್’ ಅಂತ ಬರೆದು ಕೂರುತ್ತೇವೆ. ರಿಸರ್ಚ್ ಜೊತೆ ‘ಕಂಡಕ್ಟ್’ ಅಥವಾ ‘ಕ್ಯಾರಿ ಔಟ್’ ಬರಬೇಕು. ‘ರಿಸರ್ಚಸ್’, ‘ಇನ್ಫರ್ಮೇಶನ್ಸ್’, ‘ಇಕ್ವಿಪ್‌ಮೆಂಟ್ಸ್’ ಅಂತ ಬಹುವಚನ ಮಾಡುವ ಅಭ್ಯಾಸವನ್ನೂ ಬಿಡಿ. ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’. ಯಾಕೆ ಅಂತ ಕೇಳಬೇಡಿ, ಜಡಿಮಳೆ ಅನ್ನುವ ನಾವು ಜಡಿಗಾಳಿ ಅನ್ನುತ್ತೇವಾ ಮಾರಾಯ್ರೆ?

ಕಲಿತದ್ದನ್ನು ಅದೇ ದಿನ ಬರೆಯಿರಿ, ನಿಮ್ಮ ಊರಿನ ವಿಷಯ ಇಟ್ಟುಕೊಂಡೇ. ಅಕಾಡೆಮಿಕ್ ಪರೀಕ್ಷೆಯ ರೈಟಿಂಗ್ ಮೊದಲ ಟಾಸ್ಕ್‌ನಲ್ಲಿ ಹೆಚ್ಚಾಗಿ ಒಂದು ಗ್ರಾಫ್ ಅಥವಾ ಟೇಬಲ್ ಕೊಟ್ಟು ಕನಿಷ್ಠ 150 ಪದ ಬರೆಯಲು ಹೇಳುತ್ತಾರೆ. ನಾನು ಅಭ್ಯಾಸಕ್ಕೆ ಬಂಗುಡೆ ರೇಟಿನ ಗ್ರಾಫ್ ಹಾಕಿಕೊಂಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಕ್ಕೆಯಲ್ಲಿ, ರೇಟು ಮೇಲೆ. ಬೋಟು ಕಡಲಿಗೆ ಇಳಿದು ಮೀನು ಬರತೊಡಗಿದ ಮೇಲೆ ಕೆಳಗೆ. ಇದಕ್ಕೆ ‘ರೋಸ್ ಶಾರ್ಪ್ಲಿ’, ‘ಪೀಕ್ಡ್ ಇನ್ ಜುಲೈ’, ‘ಫೆಲ್ ಸ್ಟೆಡಿಲಿ’, ‘ಫ್ಲಕ್ಚುಯೇಟೆಡ್’ ಎಲ್ಲ ಸಲೀಸಾಗಿ ಕೂರುತ್ತವೆ. ಅದನ್ನೇ ತಿರುಗಿಸಿ ‘ಎ ಶಾರ್ಪ್ ರೈಸ್’ ಅಂತಲೂ ಬರೆದು ನೋಡಿ. ಇಲ್ಲೊಂದು ಗುಂಡಿ ಇದೆ: ರೇಟು ತಾನಾಗಿ ಏರಿದರೆ ‘ರೈಸ್’, ಯಾರಾದರೂ ಏರಿಸಿದರೆ ‘ರೇಜ್’. ನಮ್ಮ ಏರು, ಏರಿಸು ಇದ್ದ ಹಾಗೆಯೇ.

ಓದುವ ಭಾಗದ 60 ನಿಮಿಷ, 40 ಪ್ರಶ್ನೆಯ ಗಡಿಬಿಡಿಗೂ ಈ ಕಾರ್ಡು ಉಪಯೋಗ. ಪಠ್ಯದಲ್ಲಿ ‘ಡಿಕ್ಲೈನ್’ ಇದ್ದರೆ ಪ್ರಶ್ನೆಯಲ್ಲಿ ‘ಫಾಲ್’ ಇರುತ್ತದೆ. ಕಾರ್ಡಿನ ಮೂಲೆಯಲ್ಲಿ ಇಂಥ ಒಂದು ಬದಲಿ ಪದ ಬರೆದಿಟ್ಟರೆ ಸಾಕು, ಐದಾರು ಬೇಡ.

ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸ ಕಾರ್ಡು ನಿಲ್ಲಿಸಿ. ಮೊದಲ ಖಾನೆಯಲ್ಲೇ ಬಿದ್ದುಕೊಂಡಿರುವ ಹಠಮಾರಿಗಳನ್ನು ಮಾತ್ರ ತೆಗೆದು ದಿನಕ್ಕೊಂದು ಪ್ಯಾರಾ ಬರೆಯಿರಿ, ಇಂಗ್ಲಿಷ್ ಚೆನ್ನಾಗಿ ಬರುವ ಯಾರಿಗಾದರೂ ತೋರಿಸಿ. ನನ್ನ ಎರಡನೇ ಪರೀಕ್ಷೆಯ ಹಿಂದಿನ ದಿನ ಆ ಖಾನೆಯಲ್ಲಿ ಹನ್ನೊಂದು ಕಾರ್ಡು ಉಳಿದಿತ್ತು. ಅದರಲ್ಲೊಂದು, ನಂಬಿದರೆ ನಂಬಿ, ‘ಫಂಕ್ಷನ್’.