ಹೆಲ್ತ್ ಕಾರ್ಡ್ ನಂಬರ್: ಮೊದಲು ಕಾರಣ ಹೇಳಿ, ಆಮೇಲೆ ಕೇಳಿ

ಕೆನಡಾದ ಒಂಟಾರಿಯೊದಲ್ಲಿ ವೈದ್ಯರ ಬಳಿ ಹೋದರೆ ಹೆಲ್ತ್ ಕಾರ್ಡ್ ತೋರಿಸುವುದು ರೂಢಿ. ವೈದ್ಯರ ಬಿಲ್ ಅನ್ನು ಸರ್ಕಾರಿ ವಿಮೆ ‘ಓಹಿಪ್’ ಕಟ್ಟುತ್ತದೆ. ಅನುದಾನದಿಂದ ನಡೆಯುವ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ ಈ ಬಿಲ್ ಇರುವುದಿಲ್ಲ. ಹಾಗಾಗಿ ಅಲ್ಲಿನ ಸಿಬ್ಬಂದಿಯಾದ ನೀವು ಕಾರ್ಡ್ ನಂಬರ್ ಕೇಳಿದಾಗ ‘ನಂಬರ್ ಯಾಕೆ?’ ಎಂದು ಬಂದವರು ಕೇಳುವುದು ಸಹಜ. ಒಬ್ಬರೇ ತುರ್ತು ವಿಭಾಗಕ್ಕೂ ಡಿಟಾಕ್ಸ್‌ಗೂ (ಅಮಲು ಇಳಿಸುವ ಚಿಕಿತ್ಸೆ) ಕೌನ್ಸೆಲಿಂಗ್‌ಗೂ ಹೋದಾಗ ಆ ಮೂರು ದಾಖಲೆಗಳು ಒಬ್ಬರವೇ ಎಂದು ತಿಳಿಯಲು ಈ ನಂಬರ್ ಬೇಕು.

ಬಾಗಿಲಲ್ಲೇ ಕೇಳಬೇಡಿ. ಅಮಲಿನಲ್ಲಿರುವವರನ್ನು, ಕೈ ನಡುಗುತ್ತಾ ಕುಳಿತವರನ್ನು ಅವತ್ತು ಬಿಟ್ಟುಬಿಡಿ. ಎರಡನೇ ಭೇಟಿಯಲ್ಲಿ ಕೇಳಿದರೂ ನಡೆಯುತ್ತದೆ. ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಮೊದಲು ಮೇಲಿನ ಕಾರಣ ತಿಳಿಸಿ, ಆಮೇಲೆ ಹೀಗೆ ಹೇಳಿ: ‘ನಿಮ್ಮ ಹೆಲ್ತ್ ಕಾರ್ಡ್ ನಂಬರ್ ಬರೆದುಕೊಳ್ಳಬಹುದಾ? ಕೊಡದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ.’ ಎರಡನೇ ವಾಕ್ಯ ನಿಮ್ಮ ಕೇಂದ್ರದಲ್ಲಿ ನಿಜವಾಗಿದ್ದರೆ ಮಾತ್ರ ಹೇಳಿ. ಮನೆಯವರನ್ನೇ ದುಭಾಷಿಯಾಗಿ ಕೂರಿಸಬೇಡಿ. ಗುಂಪು ಸಭೆಯ ಹಾಜರಿ ಪಟ್ಟಿಯಲ್ಲಿ ನಂಬರಿನ ಕಾಲಂ ಇಡಲೇಬಾರದು.

ಕಾರ್ಡ್ ಕೊಟ್ಟರೆ 10 ಅಂಕಿಗಳನ್ನು 4-3-3ರಂತೆ ಒಡೆದು ಬರೆದು, ಅವರಿಗೆ ಓದಿ ಹೇಳಿ. ಕೊನೆಯಲ್ಲಿರುವ ಇಂಗ್ಲಿಷ್ ಅಕ್ಷರಗಳು ವರ್ಷನ್ ಕೋಡ್. ಹೊಸ ಕಾರ್ಡ್ ಬಂದಾಗ ಕೋಡ್ ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ. ಹೆಸರನ್ನು ಕಾರ್ಡಿನಲ್ಲಿರುವಂತೆಯೇ ಬರೆಯಿರಿ. ನಮ್ಮವರ ಇನಿಷಿಯಲ್, ಅಪ್ಪನ ಹೆಸರು, ಒಂಟಿ ಹೆಸರು ಎಡವಟ್ಟು ಮಾಡುವುದು ಇಲ್ಲೇ. ಜನ್ಮದಿನಾಂಕದಲ್ಲಿ ವರ್ಷ ಮೊದಲು ಬರಲಿ. 03/04 ಎಂದರೆ ಮಾರ್ಚೋ ಏಪ್ರಿಲ್ಲೋ ತಿಳಿಯದು.

ತಪ್ಪು ಹಿಡಿಯಲು ಸುಲಭದ ಲೆಕ್ಕವೊಂದಿದೆ. ಮಾದರಿಗೆ 1234-567-897 ತೆಗೆದುಕೊಳ್ಳಿ. 1, 3, 5, 7, 9ನೇ ಸ್ಥಾನದ ಅಂಕಿಗಳನ್ನು ದ್ವಿಗುಣಿಸಿ; ಎರಡಂಕಿ ಬಂದರೆ ಆ ಎರಡನ್ನೂ ಕೂಡಿ ಒಂದಂಕಿ ಮಾಡಿ (10 ಬಂದರೆ 1+0=1). ಎಲ್ಲ ಸೇರಿ 2+6+1+5+9=23. ಅದಕ್ಕೆ 2, 4, 6, 8ನೇ ಸ್ಥಾನದ ಅಂಕಿಗಳ ಮೊತ್ತ 20 ಸೇರಿಸಿದರೆ 43. ಮುಂದಿನ ಹತ್ತಕ್ಕೆ, ಅಂದರೆ 50ಕ್ಕೆ, 7 ಕಡಿಮೆ. ಕೊನೆಯ ಅಂಕಿಯೂ 7, ಸರಿಹೋಯಿತು. ಒಂದು ಅಂಕಿ ತಪ್ಪಾದರೆ ಈ ಲೆಕ್ಕ ಹಿಡಿಯುತ್ತದೆ. ಪಕ್ಕಪಕ್ಕದ 0 ಮತ್ತು 9 ಅದಲುಬದಲಾದರೆ ಹಿಡಿಯದು. ಹತ್ತು ಸೊನ್ನೆ ಹಾಕಿದರೂ ಇದು ಪಾಸ್! ಖಾಲಿ ಜಾಗಕ್ಕೆ ಸೊನ್ನೆ ತುಂಬುವ ಚಾಳಿ ಅಪಾಯಕಾರಿಯಾಗುವುದು ಅದಕ್ಕೇ: ಹತ್ತಾರು ಜನ ಕಂಪ್ಯೂಟರಿನಲ್ಲಿ ಒಬ್ಬರೇ ಆಗಿಬಿಡಬಹುದು.

ನಂಬರ್ ಇಲ್ಲದಿದ್ದರೆ ಕಾರಣ ಬರೆಯಿರಿ: ಕಾರ್ಡ್ ಕಳೆದಿದೆ, ಕೊಡಲು ಒಪ್ಪಲಿಲ್ಲ, ಅರ್ಹತೆ ಇಲ್ಲ, ಬೇರೆ ಪ್ರಾಂತ್ಯದ ಕಾರ್ಡ್. ಕೊನೆಯದಾದರೆ ಪ್ರಾಂತ್ಯದ ಹೆಸರೂ ಬೇಕು. ಆಲ್ಬರ್ಟಾದ ನಂಬರಿಗೆ 9 ಅಂಕಿ, ಕ್ವಿಬೆಕ್‌ನದು 4 ಅಕ್ಷರ ಮತ್ತು 8 ಅಂಕಿ. ಓದಲು ಬಂದ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಓಹಿಪ್ ಇರುವುದಿಲ್ಲ. ಅವರ ವಿಶ್ವವಿದ್ಯಾಲಯದ ವಿಮೆ ‘ಯೂಹಿಪ್’ನ ನಂಬರನ್ನು ಇದೇ ಜಾಗಕ್ಕೆ ತುರುಕಬೇಡಿ.

ಕಾರ್ಡಿನ ಜೆರಾಕ್ಸ್ ಅಥವಾ ಮೊಬೈಲ್ ಫೋಟೊ ಬೇಡ, ನಂಬರ್ ಸಾಕು. 2004ರ ಪ್ರಾಂತೀಯ ಕಾಯ್ದೆಯಂತೆ ಸರ್ಕಾರಿ ಹಣದ ಆರೋಗ್ಯ ಸೇವೆ ಕೊಡುವವರು ಕಾರ್ಡ್ ತೋರಿಸಿ ಎನ್ನಬಹುದು. ಬಾಡಿಗೆ ಮನೆಯ ಮಾಲೀಕರಂಥವರಿಗೆ ಆ ಹಕ್ಕಿಲ್ಲ. ‘ಇದನ್ನು ಯಾರ್‍ಯಾರು ನೋಡುತ್ತಾರೆ?’ ಎಂದು ಬಂದವರು ಕೇಳಿದರೆ ‘ಯಾರೂ ಇಲ್ಲ’ ಎನ್ನಬೇಡಿ. ನೋಡುವವರ ಪಟ್ಟಿಯನ್ನು ಕೇಂದ್ರದ ಖಾಸಗಿತನ ಅಧಿಕಾರಿಯಿಂದ ಮೊದಲೇ ಪಡೆದು ಮೇಜಿನ ಮೇಲಿಟ್ಟುಕೊಳ್ಳಿ.